ನೂರು ಮಿಲಿಮೀಟರ್ ಮಳೆಗೆ ಎಷ್ಟು ಅಗಲದ ಚರಂಡಿ ಬೇಕು? ಬೆಂಗಳೂರಿನ ಬೀದಿನೀರಿನ ಲೆಕ್ಕಾಚಾರ

ದೊಡ್ಡ ಮಳೆ ಸುರಿದ ಮರುದಿನ ಬೆಂಗಳೂರಿನ ಓದುಗರ ಮುಂದೆ ಎರಡು ಬಗೆಯ ಅಂಕಿಗಳು ಬರುತ್ತವೆ. ಮೊದಲನೆಯದು ಹವಾಮಾನ ಇಲಾಖೆಯದು: 24 ಗಂಟೆಗಳಲ್ಲಿ ಇಷ್ಟು ಮಿಲಿಮೀಟರ್. ಎರಡನೆಯದು ಎಂಜಿನಿಯರ್‌ಗಳದು: ಚರಂಡಿಯನ್ನು ಗಂಟೆಗೆ ಇಷ್ಟು ಮಿಲಿಮೀಟರ್ ಮಳೆಗೆ ತಕ್ಕಂತೆ ಕಟ್ಟಲಾಗಿತ್ತು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಗೊಂದಲವಾಗದಿದ್ದರೆ ಅದೇ ಆಶ್ಚರ್ಯ. ಗಂಟೆಗೆ 60 ಮಿ.ಮೀ. ಮಳೆಯನ್ನು ತಾಳಿಕೊಳ್ಳಬಲ್ಲ ಚರಂಡಿಯು ಇಡೀ ದಿನಕ್ಕೆ 100 ಮಿ.ಮೀ. ಬಿದ್ದ ಮಳೆಗೆ ಉಕ್ಕಿ ಹರಿಯುವುದಾದರೂ ಹೇಗೆ? ಹಾಗೆ ಹರಿದಿದೆ ಎಂದರೆ ಯಾರೋ ಕಾಮಗಾರಿಯಲ್ಲಿ ಕೈಚಳಕ ತೋರಿಸಿರಬೇಕು ಎಂಬ ತೀರ್ಮಾನಕ್ಕೆ ಜನ ಬೇಗ ಬಂದುಬಿಡುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಕಾಮಗಾರಿ ಅಚ್ಚುಕಟ್ಟಾಗಿದ್ದಾಗಲೂ ಬೀದಿ ಮುಳುಗಬಲ್ಲದು, ಏಕೆಂದರೆ ಈ ಎರಡು ಅಂಕಿಗಳು ಅಳೆಯುತ್ತಿರುವ ಸಂಗತಿಗಳೇ ಬೇರೆ.

2022ರ ಸೆಪ್ಟೆಂಬರ್ 4–5ರ ರಾತ್ರಿ ನಗರದಲ್ಲಿ 131.6 ಮಿ.ಮೀ. ಮಳೆಯಾಗಿ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್‌ಗಳು ಓಡಾಡಿದವು. 2024ರ ಜೂನ್ 2ರಂದು 111.1 ಮಿ.ಮೀ. ಸುರಿದು, 1891ರ ಜೂನ್ 16ರ 101.6 ಮಿ.ಮೀ.ಗಳ ದಾಖಲೆ ಮುರಿಯಿತು. 2025ರ ಮೇ ತಿಂಗಳಲ್ಲಿ ಮತ್ತೆ ದಿನದ ಮಳೆ ನೂರರ ಗಡಿ ದಾಟಿ, ಹೊರಮಾವಿನ ಸಾಯಿ ಲೇಔಟ್‌ನಂಥ ತಗ್ಗು ಪ್ರದೇಶಗಳು ಜಲಾವೃತವಾದವು. ಈ ಮೂರೂ ದಿನಗಳ ಸುದ್ದಿಯಲ್ಲಿ ಎದ್ದು ಕಂಡದ್ದು ದಿನದ ಒಟ್ಟು ಮಳೆ. ಐದಾರು ಎಕರೆಯ ಒಂದು ಬಡಾವಣೆಯ ಪಾಲಿಗೆ ಅತ್ಯಂತ ಕಡಿಮೆ ಅರ್ಥವಿರುವ ಅಂಕಿ ಅದೇ.

ದಿನದ ಮಳೆ, ಗಂಟೆಯ ಮಳೆ, ಐದು ನಿಮಿಷದ ಮಳೆ

ಮಲೆನಾಡಿನ ಜಡಿಮಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗುಂಬೆಯಲ್ಲಿ ಹಗಲೂ ರಾತ್ರಿ ಹನಿ ಕಡಿಯದೆ ಸುರಿದು ದಿನಕ್ಕೆ 100 ಮಿ.ಮೀ. ದಾಟುವುದು ಮಳೆಗಾಲದ ಮಾಮೂಲು ಸಂಗತಿ. ಬೆಂಗಳೂರಿನ ಮೇ ತಿಂಗಳ ಗುಡುಗುಮಳೆ ಸಂಜೆ ಒಂದೆರಡು ಗಂಟೆ ಅಬ್ಬರಿಸಿ ಹೋಗುತ್ತದೆ, ಆ ಒಂದೆರಡು ಗಂಟೆಯಲ್ಲೂ ನಿಜವಾಗಿ ಆರ್ಭಟಿಸುವುದು ಹತ್ತು ಹದಿನೈದು ನಿಮಿಷ ಮಾತ್ರ. ದಿನದ ಕೊನೆಗೆ ಮಳೆಮಾಪಕದಲ್ಲಿ ಎರಡೂ ಕಡೆ ಒಂದೇ ಅಂಕಿ ಕಂಡರೂ ಚರಂಡಿ ಕಾಣುವುದು ಎರಡು ಬೇರೆ ಬೇರೆ ಮಳೆಗಳನ್ನು.

ನಿಮಿಷಗಳ ಲೆಕ್ಕದ ದಾಖಲೆ ಇಲ್ಲದ ಕಡೆ, ದಿನದ ಮಳೆಯಿಂದ ಅಲ್ಪಾವಧಿಯ ಮಳೆಯನ್ನು ಅಂದಾಜಿಸಲು ಭಾರತೀಯ ಹವಾಮಾನ ಇಲಾಖೆಯ ಹೆಸರಿನಲ್ಲಿ ಬಳಕೆಯಲ್ಲಿರುವ ಒಂದು ಸರಳ ಸೂತ್ರವಿದೆ. ಬೇಕಾದ ಅವಧಿಯನ್ನು 24 ಗಂಟೆಯಿಂದ ಭಾಗಿಸಿ, ಬಂದದ್ದರ ಘನಮೂಲ ತೆಗೆದು, ಅದರಿಂದ ದಿನದ ಮಳೆಯನ್ನು ಗುಣಿಸಬೇಕು. 100 ಮಿ.ಮೀ. ದಿನಕ್ಕೆ ಇದನ್ನು ಅನ್ವಯಿಸಿದರೆ ಅತಿ ಬಿರುಸಿನ ಒಂದು ಗಂಟೆಯಲ್ಲಿ ಸುಮಾರು 35 ಮಿ.ಮೀ., ಅತಿ ಬಿರುಸಿನ ಹದಿನೈದು ನಿಮಿಷದಲ್ಲಿ ಸುಮಾರು 22 ಮಿ.ಮೀ., ಐದು ನಿಮಿಷದಲ್ಲಿ ಸುಮಾರು 15 ಮಿ.ಮೀ. ಬರುತ್ತದೆ. ಇವನ್ನೇ ಗಂಟೆಯ ದರಕ್ಕೆ ತಿರುಗಿಸಿ ನೋಡಿ. ಇಡೀ ದಿನದ ಸರಾಸರಿ ಗಂಟೆಗೆ 4 ಮಿ.ಮೀ. ಚಿಲ್ಲರೆ. ಹದಿನೈದು ನಿಮಿಷದ ದರ ಗಂಟೆಗೆ 87 ಮಿ.ಮೀ. ಐದು ನಿಮಿಷದ ದರ ಗಂಟೆಗೆ 182 ಮಿ.ಮೀ. ಒಂದೇ ದಿನದ ಒಂದೇ ಮಳೆಯನ್ನು ನಾಲ್ಕು ಎಂದೂ ಹೇಳಬಹುದು, ನೂರ ಎಂಬತ್ತೆರಡು ಎಂದೂ ಹೇಳಬಹುದು, ಮತ್ತು ಎರಡೂ ಸುಳ್ಳಲ್ಲ. ಘನಮೂಲದ ಸೂತ್ರ ಒರಟು ಅಂದಾಜು ಎಂಬುದು ನಿಜ, ಬಿಡಿ ಮಳೆಗಳು ಅದರ ಮಾತು ಕೇಳುವುದಿಲ್ಲ. ಆದರೆ ಅವಧಿ ಕುಗ್ಗಿದಷ್ಟೂ ತೀವ್ರತೆ ಏರುತ್ತದೆ ಎಂಬ ಅದರ ತಿರುಳಿನ ಬಗ್ಗೆ ಯಾರಿಗೂ ತಕರಾರಿಲ್ಲ.

ಹಾಗಾದರೆ ಯಾವ ಬೀದಿಗೆ ಯಾವ ಅವಧಿಯ ಮಳೆಯನ್ನು ಹಿಡಿಯಬೇಕು? ವಿವಾದದ ಬೇರು ಇರುವುದು ಇಲ್ಲಿ.

ಒಂದು ಎಕರೆ, ಒಂದು ಅಂಗುಲ, ಒಂದು ಕ್ಯುಸೆಕ್

ಸಣ್ಣ ಪ್ರದೇಶದಿಂದ ಹರಿದು ಬರುವ ಮಳೆನೀರನ್ನು ಅಂದಾಜಿಸಲು ಜಗತ್ತಿನಾದ್ಯಂತ ಇಂದಿಗೂ ಹೆಚ್ಚು ಬಳಕೆಯಾಗುವುದು ರ‍್ಯಾಷನಲ್ ಸೂತ್ರ. ಐರ್ಲೆಂಡಿನ ಥಾಮಸ್ ಮಲ್ವನಿ 1851ರಲ್ಲಿ ಇದರ ತತ್ವವನ್ನು ಮುಂದಿಟ್ಟರು. ಅಮೆರಿಕದ ರೋಚೆಸ್ಟರ್ ನಗರದ ಒಳಚರಂಡಿಗಾಗಿ ಎಮಿಲ್ ಕೂಕ್ಲಿಂಗ್ 1889ರಲ್ಲಿ ಅದನ್ನು ನಗರದ ಲೆಕ್ಕಕ್ಕೆ ಒಗ್ಗಿಸಿದರು. ಸೂತ್ರದಲ್ಲಿರುವುದು ಮೂರೇ ಪದ: ಹರಿವಿನ ಗುಣಾಂಕ, ಮಳೆಯ ತೀವ್ರತೆ, ವಿಸ್ತೀರ್ಣ. ಮೂರನ್ನೂ ಗುಣಿಸಿದರೆ ಚರಂಡಿಗೆ ಬರುವ ಗರಿಷ್ಠ ಹರಿವು ಸಿಗುತ್ತದೆ. ತೀವ್ರತೆ ಗಂಟೆಗೆ ಮಿಲಿಮೀಟರ್‌ಗಳಲ್ಲಿ, ವಿಸ್ತೀರ್ಣ ಹೆಕ್ಟೇರ್‌ಗಳಲ್ಲಿ ಇದ್ದರೆ ಗುಣಲಬ್ಧವನ್ನು 360ರಿಂದ ಭಾಗಿಸಬೇಕು. ಉತ್ತರ ಸೆಕೆಂಡಿಗೆ ಘನಮೀಟರ್‌ಗಳಲ್ಲಿ ಬರುತ್ತದೆ.

ಹಳೆಯ ಅಳತೆಗಳಲ್ಲಿ ಇದು ಇನ್ನೂ ಸಲೀಸು. ಒಂದು ಎಕರೆ ಗಟ್ಟಿ ನೆಲದ ಮೇಲೆ ಗಂಟೆಗೆ ಒಂದು ಅಂಗುಲದಂತೆ ಮಳೆ ಸುರಿದರೆ ಹೊರಬೀಳುವ ನೀರು ಹೆಚ್ಚುಕಡಿಮೆ ಒಂದು ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಕನ್ನಂಬಾಡಿಯ ಒಳಹರಿವು, ಹೊರಹರಿವುಗಳನ್ನು ಪ್ರತಿ ಮಳೆಗಾಲದಲ್ಲೂ ಕ್ಯುಸೆಕ್‌ಗಳಲ್ಲಿ ಓದಿ ರೂಢಿಯಿರುವ ನಮಗೆ, ನಲವತ್ತು ಗುಂಟೆಯ ಸಿಮೆಂಟು ನೆಲವೂ ಅದೇ ಅಳತೆಯಲ್ಲಿ ನೀರು ಬಿಡುತ್ತದೆ ಎಂಬುದು ಸುಲಭವಾಗಿ ತಲೆಗೆ ಇಳಿಯಬೇಕು.

ಮೂರು ಪದಗಳಲ್ಲಿ ಸಾರ್ವಜನಿಕ ಚರ್ಚೆಗೆ ಬಂದಿರುವುದು ಗುಣಾಂಕವೊಂದೇ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಇಂಗದೆ, ನಿಲ್ಲದೆ ಹರಿದು ಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. ತೋಟ, ಹುಲ್ಲುಗಾವಲುಗಳಿಗೆ 0.2, 0.3ರ ಆಸುಪಾಸು, ತಾರಸಿ ಮತ್ತು ಡಾಂಬರಿಗೆ 0.9ರ ಆಸುಪಾಸು. ತೋಟವಿದ್ದ ಜಾಗದಲ್ಲಿ ಮನೆಗಳೆದ್ದರೆ ಹರಿವು ಮೂರು ಪಟ್ಟಾಗುತ್ತದೆ ಎಂದು ಪರಿಸರದ ಬಗ್ಗೆ ಬರೆಯುವವರು ಹೇಳುವುದು ಇದನ್ನು ಆಧರಿಸಿಯೇ. ಆ ಮಾತು ಸರಿ, ಆದರೆ ಅರ್ಧ ಮಾತ್ರ ಸರಿ.

ಯಾರೂ ಕೇಳದ ಅಂಕಿ: ನೀರು ಕೂಡುವ ಹೊತ್ತು

ಒಂದು ಬಡಾವಣೆಯ ಅತಿ ದೂರದ ಮೂಲೆಯಲ್ಲಿ ಬಿದ್ದ ಹನಿ, ಬಡಾವಣೆಯ ನೀರೆಲ್ಲ ಹೊರಹೋಗುವ ಜಾಗಕ್ಕೆ ಬಂದು ಸೇರಲು ಒಂದಿಷ್ಟು ಹೊತ್ತು ಬೇಕು. ಎಂಜಿನಿಯರ್‌ಗಳು ಇದನ್ನು ಟೈಮ್ ಆಫ್ ಕಾನ್ಸಂಟ್ರೇಷನ್ ಎನ್ನುತ್ತಾರೆ; ಇಲ್ಲಿ ನೀರು ಕೂಡುವ ಹೊತ್ತು ಎನ್ನೋಣ. ಮಳೆ ಇದಕ್ಕಿಂತ ಬೇಗ ನಿಂತರೆ ದೂರದ ಮೂಲೆಯ ನೀರು ಬರುವಷ್ಟರಲ್ಲಿ ಹತ್ತಿರದ ನೀರು ಹರಿದು ಹೋಗಿರುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೆ ಸೇರುವುದಿಲ್ಲ. ಇದಕ್ಕಿಂತ ಹೆಚ್ಚು ಹೊತ್ತಿನ ಮಳೆಯನ್ನು ಲೆಕ್ಕಕ್ಕೆ ಹಿಡಿದರೆ ಸರಾಸರಿ ತೀವ್ರತೆ ಇಳಿಯುತ್ತದೆ. ಆದ್ದರಿಂದ ಸೂತ್ರಕ್ಕೆ ಹಾಕಬೇಕಾದದ್ದು ಸರಿಯಾಗಿ ಈ ಹೊತ್ತಿನಷ್ಟೇ ಅವಧಿಯ ಮಳೆಯ ತೀವ್ರತೆಯನ್ನು. ಅಂದರೆ ಮಳೆಯ ತೀವ್ರತೆ ಎಂಬುದು ಕೇವಲ ಆಕಾಶದ ಗುಣವಲ್ಲ, ನೆಲದ ಗುಣವೂ ಹೌದು. ಹವಾಮಾನ ಒಂದಿಷ್ಟೂ ಬದಲಾಗದಿದ್ದರೂ ನೆಲ ಬದಲಾದರೆ ಚರಂಡಿಯ ಪಾಲಿನ ಮಳೆ ಬದಲಾಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು. ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆಯ ಒಂದು ಇಳಿಜಾರು ಜಾಗ. ನೀರಿನ ಅತಿ ದೂರದ ಹಾದಿ 250 ಮೀಟರ್. ನೂರಕ್ಕೆ ಒಂದರಂತೆ ಇಳಿಜಾರು. ಟೆನೆಸ್ಸಿಯ ಸಣ್ಣ ಕೃಷಿ ಜಲಾನಯನಗಳ ದಾಖಲೆಯಿಂದ ಕಿರ್ಪಿಚ್ 1940ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಇಲ್ಲಿ ನೀರು ಕೂಡಲು ಸುಮಾರು ಎಂಟು ನಿಮಿಷ ಬೇಕು. ಅದೇ ಸೂತ್ರಕ್ಕೆ ರೂಢಿಯಲ್ಲಿರುವ ತಿದ್ದುಪಡಿಗಳನ್ನು ಅನ್ವಯಿಸಿದರೆ, ನೆಲವೆಲ್ಲ ಹುಲ್ಲಾಗಿದ್ದಾಗ ಹದಿನಾರು ನಿಮಿಷ, ಕಾಂಕ್ರೀಟ್ ಆದಾಗ ಮೂರು ನಿಮಿಷ ಚಿಲ್ಲರೆ. ವಿನ್ಯಾಸದಲ್ಲಿ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಐದು ಎಂದೇ ಹಿಡಿಯೋಣ.

ಈಗ ಮೇಲಿನ 100 ಮಿ.ಮೀ. ದಿನವನ್ನೇ ಈ ಜಾಗದ ಮೇಲೆ ಸುರಿಸಿ ನೋಡೋಣ. ಹುಲ್ಲಿದ್ದಾಗ ಗುಣಾಂಕ 0.3, ಹದಿನಾರು ನಿಮಿಷದ ತೀವ್ರತೆ ಗಂಟೆಗೆ 84 ಮಿ.ಮೀ., ವಿಸ್ತೀರ್ಣ 2 ಹೆಕ್ಟೇರ್. ಗರಿಷ್ಠ ಹರಿವು ಸೆಕೆಂಡಿಗೆ 0.14 ಘನಮೀಟರ್, ಅಂದರೆ ಐದು ಕ್ಯುಸೆಕ್. ಬಡಾವಣೆಯಾದ ಮೇಲೆ ಗುಣಾಂಕ 0.9, ಐದು ನಿಮಿಷದ ತೀವ್ರತೆ 182 ಮಿ.ಮೀ., ವಿಸ್ತೀರ್ಣ ಅದೇ. ಗರಿಷ್ಠ ಹರಿವು 0.91 ಘನಮೀಟರ್, ಅಂದರೆ ಮೂವತ್ತೆರಡು ಕ್ಯುಸೆಕ್. ಹರಿವು ಹೆಚ್ಚಿದ್ದು ಮೂರು ಪಟ್ಟಲ್ಲ, ಆರೂವರೆ ಪಟ್ಟು. ಗುಣಾಂಕದಿಂದ ಮೂರು ಪಟ್ಟಾಯಿತು. ನೀರು ಬೇಗ ಕೂಡಿದ್ದರಿಂದ ಅದು ಮತ್ತೆ ಎರಡು ಪಟ್ಟಿಗೂ ಮಿಕ್ಕಿ ಬೆಳೆಯಿತು. ಎರಡೂ ಸಲ ಬಿದ್ದದ್ದು ಅದೇ ಮಳೆ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ರಸ್ತೆಗೆ ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಕೆ) ಮಾಡಿ, ಮಣ್ಣಿನ ಮೋರಿಯನ್ನು ನುಣುಪಾದ ಕಾಂಕ್ರೀಟ್ ಚರಂಡಿಯಾಗಿ ಬದಲಿಸಿದಾಗ ನೀರು ಸರಾಗವಾಗಿ ಹರಿಯುತ್ತದೆ ಎಂದು ನಾವು ಸಂತೋಷಪಡುತ್ತೇವೆ. ಸರಾಗವಾಗಿ ಹರಿಯುವುದೆಂದರೆ ಬೇಗ ಕೂಡುವುದು. ಬೇಗ ಕೂಡುವುದೆಂದರೆ ಅದೇ ಚರಂಡಿಯನ್ನು ಇನ್ನೂ ಬಿರುಸಿನ ಮಳೆಗೆಂದು ಲೆಕ್ಕ ಹಾಕಬೇಕಾಗುವುದು. ಹಳೆಯ ಹೊತ್ತನ್ನೇ ಹಿಡಿದು ಹೊಸ ಚರಂಡಿಯನ್ನು ಅಳೆದರೆ, ಕಾಗದದ ಮೇಲೆ ಸರಿಹೋದ ಲೆಕ್ಕ ಬೀದಿಯಲ್ಲಿ ತಪ್ಪುತ್ತದೆ.

ಸಾಧಾರಣ ಮಳೆಗೇ ನೀರು ನಿಲ್ಲುವುದೇಕೆ

ದಾಖಲೆ ಮುರಿದ ಮಳೆಗೆ ಊರು ಮುಳುಗಿದರೆ ಜನ ಒಂದು ಮಟ್ಟಿಗೆ ಸಹಿಸಿಕೊಳ್ಳುತ್ತಾರೆ. ಮೂವತ್ತು ಮಿಲಿಮೀಟರ್ ಬಿದ್ದರೂ ಮೊಣಕಾಲುದ್ದ ನೀರು ನಿಂತರೆ ಸಹನೆ ಕೆಡುವುದು ಸಹಜ. ಇದಕ್ಕೆ ವಿವರಣೆ ಸಿಗುವುದು ಇನ್ನೊಂದು ಲೆಕ್ಕದಲ್ಲಿ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನವು, ಹರಿವು ಶುರುವಾಗುವ ಮೊದಲು ನೆಲ ಒಂದಿಷ್ಟು ನೀರನ್ನು ಕುಡಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೆಲಕ್ಕೆ ನೂರರೊಳಗೆ ಒಂದು ಅಂಕ. ಅಂಕ ಹೆಚ್ಚಿದಷ್ಟೂ ಕುಡಿಯುವ ಶಕ್ತಿ ಕಡಿಮೆ. ಸಿಮೆಂಟು ನೆಲಕ್ಕೆ 98. ಸಾಧಾರಣವಾಗಿ ನೀರು ಹೀರುವ ಬಯಲಿಗೆ 75 ಎಂದು ಇಟ್ಟುಕೊಳ್ಳೋಣ.

100 ಮಿ.ಮೀ. ಮಳೆಗೆ ಬಯಲಿನಿಂದ 41 ಮಿ.ಮೀ. ಹರಿದು ಬರುತ್ತದೆ, ಸಿಮೆಂಟಿನಿಂದ 94 ಮಿ.ಮೀ. ವ್ಯತ್ಯಾಸ ಎರಡು ಪಟ್ಟಿಗಿಂತ ತುಸು ಹೆಚ್ಚು. ಅದೇ 30 ಮಿ.ಮೀ. ಮಳೆಗೆ ಬಯಲಿನಿಂದ ಹರಿಯುವುದು 2 ಮಿ.ಮೀ.ಗಿಂತ ಕಡಿಮೆ, ಸಿಮೆಂಟಿನಿಂದ ಸುಮಾರು 25 ಮಿ.ಮೀ. ವ್ಯತ್ಯಾಸ ಹದಿನಾಲ್ಕು ಪಟ್ಟು. ಮಹಾಮಳೆಯ ದಿನ ಹೊಲವೂ ತೋಯ್ದು ತೊಪ್ಪೆಯಾಗಿ ಬಿದ್ದ ನೀರಿನ ದೊಡ್ಡ ಪಾಲನ್ನು ಹರಿಯಬಿಡುತ್ತದೆ. ನಗರೀಕರಣ ತನ್ನ ನಿಜವಾದ ಕೈವಾಡ ತೋರಿಸುವುದು ವರ್ಷಕ್ಕೆ ಹತ್ತಾರು ಸಲ ಬರುವ ಸಾಧಾರಣ ಮಳೆಗಳಲ್ಲಿ. ಹಿಂದೆ ಚರಂಡಿಯ ಮುಖವನ್ನೇ ನೋಡದಿದ್ದ ಮಳೆಗಳು ಈಗ ನೇರವಾಗಿ ಚರಂಡಿಗೇ ಇಳಿಯುತ್ತವೆ. ಹವಾಮಾನ ಬದಲಾವಣೆಯ ಮೇಲೆ ಎಲ್ಲವನ್ನೂ ಹೊರಿಸುವ ಹೇಳಿಕೆಗಳನ್ನು ಓದುವಾಗ ಈ ಹದಿನಾಲ್ಕು ಪಟ್ಟನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಾಗದದ ಚರಂಡಿ, ಚಪ್ಪಡಿಯ ಕೆಳಗಿನ ಚರಂಡಿ

ಇಷ್ಟೆಲ್ಲ ಲೆಕ್ಕವೇ ದಂಡ, ಹೂಳು ತೆಗೆದು ಒತ್ತುವರಿ ಬಿಡಿಸಿದರೆ ಸಾಕು ಎನ್ನುವ ವಾದವೊಂದಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಮೇಲಿನ ಬಡಾವಣೆಯ ಕೊನೆಗೆ ಎರಡಡಿ ಅಗಲ, ಎರಡಡಿ ಆಳದ ಕಾಂಕ್ರೀಟ್ ಚರಂಡಿ ಇದೆ ಎಂದುಕೊಳ್ಳಿ. ಅದು ಚೊಕ್ಕಟವಾಗಿದ್ದು, ನೂರಕ್ಕೆ ಒಂದರ ಇಳಿಜಾರಿನಲ್ಲಿ ತುಂಬಿ ಹರಿದರೆ ಕಾಲುವೆ ಒಯ್ಯುವ ನೀರನ್ನು ಅಳೆಯುವ ಮ್ಯಾನಿಂಗ್ ಸೂತ್ರದ ಪ್ರಕಾರ ಸುಮಾರು 29 ಕ್ಯುಸೆಕ್ ಒಯ್ಯುತ್ತದೆ. ಬೇಕಿರುವ 32ಕ್ಕೆ ಅದು ಹತ್ತಿರವೇ ಇದೆ. ಈಗ ಅದರಲ್ಲಿ ಒಂದಡಿ ಹೂಳು ಕೂರಲಿ, ತಳ ಒರಟಾಗಲಿ. ಆಳ ಅರ್ಧವಾದರೆ ನೀರೂ ಅರ್ಧವಾಗುತ್ತದೆ ಎಂದು ತೋರುತ್ತದೆ. ಆದರೆ ಹರಿವಿನ ವೇಗವೂ ಕುಸಿಯುವುದರಿಂದ ಒಯ್ಯುವ ನೀರು ಏಳು ಕ್ಯುಸೆಕ್‌ಗೆ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಬೆಂಗಳೂರಿನ ಪಾದಚಾರಿ ಮಾರ್ಗದ ಒಂದು ಚಪ್ಪಡಿಯನ್ನು ಎತ್ತಿ ನೋಡಿದರೆ ಹೂಳಿನ ಮೇಲೆ ಅಡ್ಡಡ್ಡ ಹಾದ ಕೇಬಲ್ಲು, ನೀರಿನ ಪೈಪು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರು, ಎಳನೀರಿನ ಬುರುಡೆ, ಯಾವುದೋ ಕಾಮಗಾರಿಯಲ್ಲಿ ಉಳಿದ ಜಲ್ಲಿ ಕಾಣುತ್ತವೆ. ಪ್ರತಿಯೊಂದು ಅಡ್ಡಿಯ ಹಿಂದೆಯೂ ನೀರು ಮೇಲೇರಬೇಕು. ಅದಕ್ಕಿಂತ ಮೊದಲು ನೀರು ಚರಂಡಿಯೊಳಗೆ ಇಳಿಯಬೇಕಲ್ಲ? ರಸ್ತೆಯಂಚಿನ ಕಲ್ಲಿನಲ್ಲಿ ಕೊರೆದ ಕಿಂಡಿ ಎರಡು ಅಂಗೈ ಅಗಲವಿದ್ದರೆ ಹೆಚ್ಚು. ಮೊದಲ ಮಳೆಗೇ ಮಳೆಮರದ ಎಲೆ ಅದನ್ನು ಮುಚ್ಚುತ್ತದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದು, ಅದರ ಪಕ್ಕದ ಚಪ್ಪಡಿಯ ಕೆಳಗೆ ಚರಂಡಿ ಅರ್ಧ ಖಾಲಿಯಿರುವುದು ಅಪರೂಪದ ಸಂಗತಿಯಲ್ಲ. ರ‍್ಯಾಷನಲ್ ಸೂತ್ರ ಈ ಕಿಂಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ಬೇಕು, ಆ ಲೆಕ್ಕಕ್ಕೆ ಯಾರೂ ಮಹತ್ವ ಕೊಡುವುದಿಲ್ಲ.

ದೊಡ್ಡ ಕಾಲುವೆಗಳ ಸ್ಥಿತಿ ಇನ್ನಷ್ಟು ಸ್ಪಷ್ಟವಾಗಿ ದಾಖಲಾಗಿದೆ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ 2021ರ ವರದಿಯ ಪ್ರಕಾರ, ಕೋರಮಂಗಲ ಕಣಿವೆಯಲ್ಲಿ 1900ರ ದಶಕದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕಾಲುವೆಗಳು 2016–17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿದ್ದವು, ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 111.72 ಕಿ.ಮೀ. ಆಗಿತ್ತು. ಆದರೂ ಹೂಳು ಮತ್ತು ಒತ್ತುವರಿಯಷ್ಟೇ ಕಾರಣ ಎನ್ನುವ ವಾದ ಒಂದು ಹಂತದಲ್ಲಿ ಸೋಲುತ್ತದೆ. ಐದು ಕ್ಯುಸೆಕ್‌ಗೆಂದು ಕಟ್ಟಿದ ಮೋರಿಯನ್ನು ದಿನವೂ ಗುಡಿಸಿ ಸಾರಿಸಿದರೂ ಮೂವತ್ತೆರಡು ಕ್ಯುಸೆಕ್ ಅದರಲ್ಲಿ ಹೋಗದು.

ವಿಸ್ತೀರ್ಣವೂ ಜಾರುತ್ತದೆ

ಮೂರನೆಯ ಪದವಾದ ವಿಸ್ತೀರ್ಣದಲ್ಲಿ ತಕರಾರಿಗೆ ಜಾಗವೇ ಇಲ್ಲ ಎಂದು ತೋರುತ್ತದೆ, ನಕ್ಷೆಯ ಮೇಲೆ ಗೆರೆ ಎಳೆದು ಅಳೆದರಾಯಿತು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸಾವಿಗೀಡಾದ ಬಳಿಕ ಅಂಡರ್‌ಪಾಸುಗಳ ಚರಂಡಿ ವ್ಯವಸ್ಥೆ ಸುದ್ದಿಯಾಯಿತು. ಅಂಡರ್‌ಪಾಸು ಎಂದರೆ ಅತಿ ಸಣ್ಣ ಜಲಾನಯನ. ಎರಡೂ ಬದಿಯ ಇಳಿಜಾರು ಸೇರಿ 2,000 ಚದರ ಮೀಟರ್ ಇರುವ ಒಂದು ಅಂಡರ್‌ಪಾಸನ್ನು ಊಹಿಸಿಕೊಳ್ಳಿ. ಗಂಟೆಗೆ 120 ಮಿ.ಮೀ. ತೀವ್ರತೆಯೆಂದರೆ ನಿಮಿಷಕ್ಕೆ 2 ಮಿ.ಮೀ.; ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನಿಮಿಷಕ್ಕೆ 4,000 ಲೀಟರ್, ಅಂದರೆ ನಿಮಿಷಕ್ಕೊಂದು ಸಣ್ಣ ಟ್ಯಾಂಕರ್ ನೀರು.

ಇಷ್ಟನ್ನು ಪಂಪು ಎತ್ತಿ ಹಾಕಬಹುದು. ತೊಡಕು ಬರುವುದು ಮೇಲಿನ ರಸ್ತೆಗಳ ಕಿಂಡಿ ಕಟ್ಟಿಕೊಂಡಾಗ. ಅವುಗಳ ನೀರು ತನ್ನ ಚರಂಡಿಗೆ ಇಳಿಯದೆ ರಸ್ತೆಯ ಮೇಲೇ ಹರಿದು, ಸುತ್ತಮುತ್ತ ಅತಿ ತಗ್ಗಾದ ಜಾಗವಾದ ಅಂಡರ್‌ಪಾಸಿಗೆ ಬಂದು ಬೀಳುತ್ತದೆ. ಆ ಕ್ಷಣದಲ್ಲಿ ಅದರ ವಿಸ್ತೀರ್ಣ 2,000 ಚದರ ಮೀಟರ್ ಆಗಿ ಉಳಿದಿರುವುದಿಲ್ಲ. ಹತ್ತು ಪಟ್ಟೋ ಇಪ್ಪತ್ತು ಪಟ್ಟೋ ಆಗಿರುತ್ತದೆ. ಸಾಧಾರಣ ಮಳೆಗೆ ಒಂದು ಗೆರೆ, ಬಿರುಮಳೆಗೆ ಇನ್ನೊಂದು ಗೆರೆ. ಪ್ರಾಣ ಹೋಗಬಹುದಾದ ಜಾಗಗಳಲ್ಲಿ ಈ ಎರಡನೆಯ ಗೆರೆಯನ್ನು ಎಳೆದು ಲೆಕ್ಕ ಮಾಡುವುದು ಕಡ್ಡಾಯವಾಗಬೇಕು.

ಐದು ವರ್ಷಕ್ಕೊಮ್ಮೆ ಎಂದರೇನು

ಎಷ್ಟು ಅಪರೂಪದ ಮಳೆಗೆ ಚರಂಡಿ ಕಟ್ಟಬೇಕು ಎಂಬುದು ಎಂಜಿನಿಯರಿಂಗ್ ಪ್ರಶ್ನೆಯಂತೆ ಕಂಡರೂ ಅದು ಹಣದ ಪ್ರಶ್ನೆ. ಕೇಂದ್ರ ಸರ್ಕಾರದ 1993ರ ಕೈಪಿಡಿಯು ಹೊರವಲಯದ ವಸತಿ ಪ್ರದೇಶಗಳಿಗೆ ವರ್ಷಕ್ಕೆ ಎರಡು ಬಾರಿ ಬರುವ ಮಳೆಯನ್ನೂ, ನಗರದ ನಡುಭಾಗಕ್ಕೆ ವರ್ಷಕ್ಕೊಮ್ಮೆ ಬರುವ ಮಳೆಯನ್ನೂ ಹಿಡಿದರೆ ಸಾಕು ಎಂದಿತ್ತು. ಅಂದರೆ ಹಳೆಯ ಬಡಾವಣೆಗಳಲ್ಲಿ ವರ್ಷಕ್ಕೊಂದೆರಡು ಸಲ ಚರಂಡಿ ಉಕ್ಕುವುದು ವಿನ್ಯಾಸದ ವೈಫಲ್ಯವಲ್ಲ, ವಿನ್ಯಾಸವೇ. 2019ರ ಹೊಸ ಕೈಪಿಡಿ ಮಹಾನಗರಗಳ ಕೇಂದ್ರಭಾಗಕ್ಕೆ ಐದು ವರ್ಷಕ್ಕೊಮ್ಮೆ ಬರುವ ಮಳೆಯನ್ನು ಹಿಡಿಯಬೇಕೆಂದು ಹೇಳಿತು.

ಐದು ವರ್ಷಕ್ಕೊಮ್ಮೆ ಎಂದರೆ ಒಮ್ಮೆ ಬಂದರೆ ಇನ್ನು ನಾಲ್ಕು ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ ವರ್ಷ ಅಂಥ ಮಳೆ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತು ಎಂದಷ್ಟೇ ಅರ್ಥ. ಐದು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 67, ಹತ್ತು ವರ್ಷಗಳಲ್ಲಿ ಶೇ 89. ಇದಕ್ಕೆ ಇನ್ನೊಂದು ಅಂಶ ಸೇರಿಸಬೇಕು. ಗುಡುಗುಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಯಲಹಂಕದಲ್ಲಿ ಸುರಿಯುವಾಗ ಕೆಂಗೇರಿಯಲ್ಲಿ ಬಿಸಿಲಿರಬಹುದು. ಏಳುನೂರು ಚದರ ಕಿಲೋಮೀಟರ್ ದಾಟಿದ ನಗರದಲ್ಲಿ ಐದು ವರ್ಷಕ್ಕೊಮ್ಮೆಯ ಮಳೆ ಪ್ರತಿ ವರ್ಷವೂ ಎಲ್ಲಾದರೊಂದು ಕಡೆ ಬೀಳುತ್ತದೆ, ಆದ್ದರಿಂದ ಎಲ್ಲ ಚರಂಡಿಗಳೂ ಸರಿಯಾಗಿದ್ದರೂ ಒಂದು ಬಡಾವಣೆಯಾದರೂ ಪ್ರತಿ ವರ್ಷ ಸುದ್ದಿಯಲ್ಲಿರುತ್ತದೆ.

ಅಳತೆಯ ವಿಷಯದಲ್ಲಿ ಕರ್ನಾಟಕ ಬಡವಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನಿಟ್ಟು ಹದಿನೈದು ನಿಮಿಷಕ್ಕೊಮ್ಮೆ ದತ್ತಾಂಶ ಪಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜತೆಗೂಡಿ ಬೆಂಗಳೂರಿನ ಪ್ರವಾಹ ಮುನ್ಸೂಚನೆಗೂ ಅದನ್ನು ಬಳಸುತ್ತಿದೆ. ದೇಶದ ಹೆಚ್ಚಿನ ನಗರಗಳಿಗೆ ಈ ಸೌಲಭ್ಯವಿಲ್ಲ. ಆದರೂ ಐದು ನಿಮಿಷಕ್ಕೆ ನೀರು ಕೂಡುವ ಬೀದಿಗೆ ಹದಿನೈದು ನಿಮಿಷದ ಅಳತೆ ದೊರಗು. ಮೇಲಿನ ಉದಾಹರಣೆಯಲ್ಲಿ ಅದು 182ರ ಬದಲು 87 ಎಂದಷ್ಟೇ ತೋರಿಸುತ್ತದೆ.

ಹಿಗ್ಗಿಸುವುದೋ, ಹಿಡಿದಿಡುವುದೋ

ಪರಿಹಾರದ ಬಗ್ಗೆ ಎರಡು ಪಂಗಡಗಳಿವೆ. ಮೊದಲನೆಯದು ಚರಂಡಿ ಹಿಗ್ಗಿಸಬೇಕೆನ್ನುವವರದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2010ರ ಮಾರ್ಗಸೂಚಿಯು ಮುಂದೆ ಕಟ್ಟುವ ಚರಂಡಿಗಳಿಗೆ ಹರಿವಿನ ಗುಣಾಂಕವನ್ನು 0.95ರವರೆಗೂ ಹಿಡಿಯಬೇಕು ಎಂದಿತು. ಮುಂಬೈ ಇದಕ್ಕೂ ಮುಂದೆ ಹೋಗಿದೆ. ಅಲ್ಲಿನ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆ, ಅದರಲ್ಲೂ ಅರ್ಧ ಇಂಗುತ್ತದೆ ಎಂಬ ನಂಬಿಕೆಯಲ್ಲಿ ಕಟ್ಟಿದವು. ಅವನ್ನು ಮೇಲ್ದರ್ಜೆಗೇರಿಸುವ ಬ್ರಿಮ್‌ಸ್ಟೊವಾಡ್ ಯೋಜನೆ 50 ಮಿ.ಮೀ. ಮತ್ತು ಗುಣಾಂಕ 1 ಎಂದು ಹಿಡಿಯಿತು; ಒಟ್ಟಾರೆ ನಾಲ್ಕು ಪಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ದಾಖಲಾದ 944 ಮಿ.ಮೀ.ಗಳ ಮುಂದೆ ಅದೂ ಸಾಲದು ಎಂಬುದು ಬೇರೆ ಮಾತು.

0.95ರ ಲೆಕ್ಕ ಸುರಕ್ಷಿತ. ಆದರೆ ಅದರಲ್ಲಿ ಒಂದು ಅಪಾಯ ಅಡಗಿದೆ. ನೆಲವೆಲ್ಲ ಸಿಮೆಂಟಾಗಿದೆ ಎಂದು ಮೊದಲೇ ಒಪ್ಪಿಕೊಂಡು ಚರಂಡಿ ಕಟ್ಟಿದರೆ, ಮಣ್ಣು ಬಿಟ್ಟವನಿಗೂ ಬಿಡದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮುನ್ನೆಚ್ಚರಿಕೆಯೆಂದು ಬರೆದ ಅಂಕಿ ನಿಧಾನವಾಗಿ ಅನುಮತಿಯಾಗುತ್ತದೆ.

ಎರಡನೆಯ ಪಂಗಡದವರು ಬಿದ್ದಲ್ಲೇ ಹಿಡಿದಿಡಿ ಎನ್ನುತ್ತಾರೆ. ಬೆಂಗಳೂರು ಜಲಮಂಡಳಿ 2009ರಿಂದಲೇ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದೆ. ನಮ್ಮ ಐದು ಎಕರೆಯಲ್ಲಿ ನೂರು ಮನೆಗಳಿದ್ದು, ಪ್ರತಿ ಮನೆಯೂ 2,000 ಲೀಟರ್ ಹಿಡಿದರೆ ಒಟ್ಟು 200 ಘನಮೀಟರ್. ಆ ಬಿರುಸಿನ ಒಂದು ಗಂಟೆಯಲ್ಲಿ ಹರಿಯುವುದು ಸುಮಾರು 625 ಘನಮೀಟರ್. ಮೂರನೇ ಒಂದು ಭಾಗ ಸಣ್ಣದೇನಲ್ಲ. ಆದರೆ ಮಳೆಯ ಆರ್ಭಟ ಮೊದಲ ಹತ್ತು ನಿಮಿಷದಲ್ಲೇ ಬಂದರೆ ಮಾತ್ರ ಈ ತೊಟ್ಟಿಗಳು ಗರಿಷ್ಠ ಹರಿವನ್ನು ತಗ್ಗಿಸುತ್ತವೆ. ಅರ್ಧ ಗಂಟೆ ಸುರಿದ ಮೇಲೆ ಆರ್ಭಟ ಬಂದರೆ ಅಷ್ಟರಲ್ಲಿ ತೊಟ್ಟಿ ತುಂಬಿರುತ್ತದೆ, ಬೀದಿಗೆ ಹಳೆಯ ಹರಿವೇ ಗತಿ. ಮನೆಯ ಸಂಪಿನಲ್ಲಿ ಕಾವೇರಿ ನೀರು ತುಂಬಿದ್ದರಂತೂ ಮಳೆನೀರಿಗೆ ಜಾಗವೇ ಇಲ್ಲ. ಕೆರೆಗಳ ಕಥೆಯೂ ಇದೇ. ಬೇಸಿಗೆಯಲ್ಲಿ ಬತ್ತಿ ಮಳೆಗೆ ಬಾಯ್ತೆರೆದು ಕಾಯುತ್ತಿದ್ದ ಕೆರೆಗಳಲ್ಲಿ ಅನೇಕವು ಈಗ ಕೊಳಚೆನೀರಿನಿಂದ ವರ್ಷವಿಡೀ ತುಂಬಿರುತ್ತವೆ. ತುಂಬಿದ ಕೆರೆಗೆ ಬಿದ್ದ ಮಳೆ ನೇರವಾಗಿ ಕೋಡಿಯ ಮೇಲೇ ಹರಿಯುತ್ತದೆ. ಕೆರೆ ಉಳಿಸಿದ್ದೇವೆ ಎಂಬ ಸಮಾಧಾನ, ಅದರಲ್ಲಿ ಖಾಲಿ ಜಾಗ ಉಳಿಸದಿದ್ದರೆ, ಪ್ರವಾಹದ ಲೆಕ್ಕಕ್ಕೆ ಬರುವುದಿಲ್ಲ.

ಹಿಡಿದಿಡುವ ಯೋಜನೆಗಳಿಗೆ ರ‍್ಯಾಷನಲ್ ಸೂತ್ರ ಸಾಲದು ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಗರಿಷ್ಠ ಹರಿವನ್ನು ಹೇಳುತ್ತದೆಯೇ ಹೊರತು ಒಟ್ಟು ಎಷ್ಟು ನೀರು, ಯಾವ ನಿಮಿಷದಲ್ಲಿ ಎಷ್ಟು ಎಂಬುದನ್ನು ಹೇಳುವುದಿಲ್ಲ. ಸಾಮಾನ್ಯವಾಗಿ 200 ಎಕರೆಯೊಳಗಿನ ಜಾಗಗಳಿಗೆ ಮಾತ್ರ ಅದನ್ನು ಬಳಸಬೇಕೆಂಬ ಮಿತಿಯೂ ಇದೆ. ಅಮೆರಿಕದ ಪರಿಸರ ಸಂಸ್ಥೆ 1971ರಲ್ಲಿ ರೂಪಿಸಿ ಉಚಿತವಾಗಿ ಹಂಚುತ್ತಿರುವ ಸ್ವಿಮ್ ತಂತ್ರಾಂಶದಂಥವು ನಿಮಿಷ ನಿಮಿಷದ ಹರಿವನ್ನು ಕಟ್ಟಿಕೊಡುತ್ತವೆ. ಆದರೆ ಚಪ್ಪಡಿಯ ಕೆಳಗಿನ ಹೂಳು, ಕಿಂಡಿ, ಕೇಬಲ್ಲುಗಳ ವಿವರ ಕೊಡದಿದ್ದರೆ ಆ ತಂತ್ರಾಂಶ ಕೊಡುವುದು ಹಳೆಯ ಲೆಕ್ಕವನ್ನೇ, ಬಣ್ಣದ ನಕ್ಷೆಯಲ್ಲಿ.

ಕೆಳಗಿನವರ ಪಾಲು

ಒಂದೊಂದು ಬಡಾವಣೆಯೂ ತನ್ನ ಲೆಕ್ಕವನ್ನು ಸರಿಪಡಿಸಿಕೊಂಡರೆ ನಗರದ ಲೆಕ್ಕ ತಾನಾಗಿ ಸರಿಹೋಗುತ್ತದೆಯೇ? ಹೋಗುವುದಿಲ್ಲ. ಹತ್ತಿರದ ಬಡಾವಣೆಯ ನೀರು ಹತ್ತನೆಯ ನಿಮಿಷಕ್ಕೆ, ದೂರದ್ದು ನಲವತ್ತನೆಯ ನಿಮಿಷಕ್ಕೆ ರಾಜಕಾಲುವೆ ತಲುಪುತ್ತಿದ್ದಾಗ ಒಂದು ಇಳಿದ ಮೇಲೆ ಇನ್ನೊಂದು ಬರುತ್ತಿತ್ತು. ಎರಡೂ ಕಡೆ ಚರಂಡಿ ನುಣುಪಾಗಿ, ಅಗಲವಾಗಿ, ನೇರವಾದರೆ ಈ ಅಂತರ ಕುಗ್ಗಿ ಎರಡೂ ಹರಿವುಗಳು ಹೆಗಲೆಣೆಯಾಗಿ ಬಂದು ಸೇರುತ್ತವೆ. ಮೇಲಿನ ಬೀದಿಯಲ್ಲಿ ನಿಲ್ಲುತ್ತಿದ್ದ ಮೊಣಕಾಲುದ್ದ ನೀರು ಅಲ್ಲಿನವರಿಗೆ ತೊಂದರೆಯಾದರೂ ಕೆಳಗಿನವರಿಗೆ ಅದೊಂದು ತಾತ್ಕಾಲಿಕ ಕೆರೆಯಾಗಿತ್ತು. ಅದು ಹೋದೊಡನೆ ಕೆಳಗೆ ಸೊಂಟದುದ್ದವಾಗುತ್ತದೆ.

ಬೆಂಗಳೂರಿನ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯತ್ತ, ವೃಷಭಾವತಿಯ ಮೂಲಕ ಅರ್ಕಾವತಿಯತ್ತ ಹರಿಯುತ್ತದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಪಾಲಿಕೆಗಳ ಗಡಿಗಳು ಕಣಿವೆಗಳ ಏರುಗೆರೆಯನ್ನು ಅನುಸರಿಸಿಲ್ಲ. ಮೇಲಿನ ಪಾಲಿಕೆ ಹಿಗ್ಗಿಸಿದ ಚರಂಡಿಯ ನೀರನ್ನು ಕೆಳಗಿನ ಪಾಲಿಕೆ ತನ್ನ ಖರ್ಚಿನಲ್ಲಿ ಸ್ವೀಕರಿಸಬೇಕಾದ ಸಂದರ್ಭಗಳು ಇನ್ನು ಮುಂದೆ ಬಂದೇ ಬರುತ್ತವೆ. ವಾರ್ಡ್ ಮಟ್ಟದ ಕಾಮಗಾರಿಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ಚರಂಡಿಯ ಅಗಲ, ಆಳ, ಇಳಿಜಾರು ಎಲ್ಲವನ್ನೂ ಅಂಗುಲ ಬಿಡದೆ ನಮೂದಿಸಿರುತ್ತಾರೆ. ಹಾಳೆಯ ಅಂಚಿನಲ್ಲಿ, ಚರಂಡಿ ಮುಗಿಯುವಲ್ಲಿ, ಒಂದು ಬಾಣದ ಗುರುತು ಹಾಕಿ ‘ರಾಜಕಾಲುವೆಗೆ’ ಎಂದು ಬರೆದಿರುತ್ತಾರೆ. ಆ ಬಾಣದಾಚೆಗೆ ಲೆಕ್ಕವಿರುವುದಿಲ್ಲ.